ವಸಂತದ ಹೂಗೆಡ್ಡೆಗಳಿಗೆ ಯಾವ ಕಾವಲು? ಜಾತಿ, ಜಾಲರಿ, ಜಲ್ಲಿ, ಕುಂಡ, ಬೇಲಿಗಳ ಹೋಲಿಕೆ

ಶರತ್ಕಾಲದಲ್ಲಿ ನೆಟ್ಟ ಟ್ಯುಲಿಪ್, ಕ್ರೋಕಸ್ ಗೆಡ್ಡೆಗಳು ಹೂ ಬಿಡುವ ತನಕ ನಾಲ್ಕೈದು ತಿಂಗಳು ಮಣ್ಣಿನಲ್ಲೇ ಇರಬೇಕು. ಹೊರಗೆ ಮೇವು ಸಿಗದ ಚಳಿಗಾಲವೂ ಅದೇ. ಪಿಷ್ಟ ತುಂಬಿದ ಗೆಡ್ಡೆಯನ್ನು ಹಸಿದ ಪ್ರಾಣಿ ಹುಡುಕಿಕೊಂಡು ಬರುವುದು ಸಹಜ. ಕಾಪಾಡಿಕೊಳ್ಳಲು ದಾರಿ ಹಲವಿವೆ, ಆದರೆ ಎಲ್ಲ ಪ್ರಾಣಿಗೂ ಒಗ್ಗುವ ಒಂದೇ ದಾರಿ ಇಲ್ಲ. ಅಗೆದ ಗುರುತನ್ನು ಅಳಿಲಿನಿಂದ ಮರೆಮಾಡುವ ತರಗೆಲೆ ಹೊದಿಕೆ ವೋಲ್ ಇಲಿಗೆ ಬೆಚ್ಚನೆಯ ಮನೆಯಾಗುತ್ತದೆ. ಗೆಡ್ಡೆಯನ್ನು ಭದ್ರವಾಗಿ ಕಾಯುವ ತಂತಿ ಪಂಜರದಿಂದ ಜಿಂಕೆ ಮೇಯುವ ಮೊಗ್ಗಿಗೆ ಏನೂ ಪ್ರಯೋಜನವಿಲ್ಲ. ಹಾಗಾಗಿ ತಂತಿ ಕೊಳ್ಳುವ ಮೊದಲು ತಿನ್ನುತ್ತಿರುವುದು ಯಾರು ಎಂದು ಗೊತ್ತುಮಾಡಿಕೊಳ್ಳಿ.

ತಿಂದವರು ಯಾರು?

ನೆಟ್ಟ ಒಂದೆರಡು ದಿನಗಳಲ್ಲೇ ಬಟ್ಟಲಿನಷ್ಟು ಅಗಲದ ಗುಂಡಿ ಕಾಣಿಸಿ, ಗೆಡ್ಡೆಯ ಕಂದು ಸಿಪ್ಪೆ ಸುತ್ತ ಚೆಲ್ಲಿದ್ದರೆ ಅದು ಅಳಿಲು. ಹಗಲಲ್ಲೇ ಬರುತ್ತದೆ, ಹೊಸದಾಗಿ ಅಗೆದ ಸಡಿಲ ಮಣ್ಣನ್ನು ನೋಡಿಯೇ ಕೆದಕುತ್ತದೆ. ಒಮ್ಮೊಮ್ಮೆ ಗೆಡ್ಡೆಯನ್ನು ತಿನ್ನದೆ ಹೊರಗೆ ಎಸೆದುಹೋಗಿರುತ್ತದೆ. ಅಂಥದ್ದು ಒಣಗುವ ಮೊದಲು ಸಿಕ್ಕರೆ ಮತ್ತೆ ನೆಡಬಹುದು.

ಮೇಲೆ ಏನೂ ಕೆದಕಿದ ಗುರುತಿಲ್ಲ, ವಸಂತ ಬಂದರೂ ಮೊಳಕೆ ಇಲ್ಲ, ಅಗೆದು ನೋಡಿದರೆ ಗೆಡ್ಡೆಯ ಜಾಗ ಖಾಲಿ ಎಂದಾದರೆ ವೋಲ್ ಎಂದು ತಿಳಿಯಿರಿ. ಗಿಡ್ಡ ಬಾಲ, ಕೂದಲಲ್ಲಿ ಹುದುಗಿದ ಪುಟ್ಟ ಕಿವಿಯ ಇಲಿ ಇದು. ಚಳಿಗಾಲದಲ್ಲಿ ನಿದ್ರಿಸುವುದಿಲ್ಲ, ಹಿಮದ ಅಡಿಯಲ್ಲೂ ಓಡಾಡುತ್ತದೆ. ಹುಲ್ಲಿನ ನಡುವೆ ನಾಲ್ಕೈದು ಸೆಂ.ಮೀ. ಅಗಲದ ಸವೆದ ದಾರಿ, ಅದರ ಪಕ್ಕ ಅಷ್ಟೇ ಅಗಲದ, ಮಣ್ಣಿನ ಗುಡ್ಡೆ ಇಲ್ಲದ ಬಿಲ ಇದರ ಗುರುತು. ಅನುಮಾನವಿದ್ದರೆ ಬಿಲದ ಬಾಯಲ್ಲಿ ಸೇಬಿನ ಚೂರೊಂದನ್ನಿಟ್ಟು ಮೇಲೆ ಹಲಗೆಯನ್ನೋ ಬೋರಲು ಕುಂಡವನ್ನೋ ಮುಚ್ಚಿ. ಒಂದು ದಿನದ ನಂತರ ಚೂರಿನ ಮೇಲೆ ಸಣ್ಣ ಹಲ್ಲಿನ ಗುರುತಿದ್ದರೆ ಅಥವಾ ಚೂರೇ ಮಾಯವಾಗಿದ್ದರೆ ಬಿಲದಲ್ಲಿ ವಾಸವಿದೆ ಎಂದರ್ಥ.

ಸುರಂಗ ಕೊರೆದು ಮಣ್ಣಿನ ಗುಡ್ಡೆ ಎಬ್ಬಿಸುವ ಮೋಲ್ ಎಂಬ ಪ್ರಾಣಿಯ ಮೇಲೆ ಅಪವಾದ ಹೊರಿಸುವವರು ಬಹಳ. ಅದು ತಿನ್ನುವುದು ಎರೆಹುಳು, ಗೊಣ್ಣೆಹುಳುಗಳನ್ನು. ಗೆಡ್ಡೆ ಅದರ ಆಹಾರವಲ್ಲ. ಅದು ತೋಡಿದ ಸುರಂಗದಲ್ಲಿ ವೋಲ್ ನುಗ್ಗಿ ಗೆಡ್ಡೆಯವರೆಗೆ ಬರುತ್ತದೆ, ಅಷ್ಟೇ.

ಗೆಡ್ಡೆ ಭದ್ರವಾಗಿದ್ದು ಎಲೆ, ಮೊಗ್ಗು ಮಾತ್ರ ಹೋಗಿದ್ದರೆ ಕತ್ತರಿಸಿದ ತುದಿಯನ್ನು ನೋಡಿ. ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿದ್ದರೆ ಮೊಲ. ಹರಿದು ಸೀಳಿದಂತೆ ಒರಟಾಗಿದ್ದರೆ ಜಿಂಕೆ, ಏಕೆಂದರೆ ಜಿಂಕೆಗೆ ಮೇಲ್ದವಡೆಯ ಮುಂದಿನ ಹಲ್ಲುಗಳಿಲ್ಲ, ಅದು ಹಿಡಿದು ಕೀಳುತ್ತದೆ. ಎಲೆಯಲ್ಲಿ ಅಂಕುಡೊಂಕಿನ ತೂತು, ಪಕ್ಕದಲ್ಲಿ ಹೊಳೆಯುವ ಲೋಳೆ ಇದ್ದರೆ ಗೊಂಡೆಹುಳು, ಅಂದರೆ ಚಿಪ್ಪಿಲ್ಲದ ಬಸವನಹುಳು. ಅದಕ್ಕೆ ಕೆಳಗೆ ಹೇಳಿದ ಯಾವ ಜಾಲರಿಯೂ ಬೇಡ.

ಮೊದಲ ಆಯ್ಕೆ: ಮುಟ್ಟದ ಜಾತಿಯೋ, ಕಾವಲು ಬೇಕಾದ ಜಾತಿಯೋ?

ಶ್ರಮ, ಖರ್ಚು, ಫಲ ಮೂರನ್ನೂ ತೂಗಿದರೆ ಜಾತಿಯ ಆಯ್ಕೆಯೇ ಎಲ್ಲಕ್ಕಿಂತ ಮೇಲು. ಡ್ಯಾಫೋಡಿಲ್ ಗೆಡ್ಡೆಯಲ್ಲಿ ಲೈಕೋರಿನ್ ಎಂಬ ವಿಷಕಾರಿ ಆಲ್ಕಲಾಯ್ಡ್ ಇದೆ, ಜೊತೆಗೆ ಬಾಯಿ ಚುಚ್ಚುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೂ ಇವೆ. ಅಳಿಲು, ವೋಲ್, ಮೊಲ, ಜಿಂಕೆ ಯಾವುದೂ ಸಾಮಾನ್ಯವಾಗಿ ಅದನ್ನು ತಿನ್ನುವುದಿಲ್ಲ. ಸ್ನೋಡ್ರಾಪ್ ಮತ್ತು ಲ್ಯೂಕೋಜಮ್ ಅದೇ ಕುಟುಂಬಕ್ಕೆ ಸೇರಿದವು, ಅವುಗಳಲ್ಲೂ ಆಲ್ಕಲಾಯ್ಡ್‌ಗಳಿವೆ. ಈರುಳ್ಳಿಯ ಬಳಗದ ಅಲಿಯಮ್‌ಗೆ ಗಂಧಕದ ಘಾಟು ಕಾವಲು. ಫ್ರಿಟಿಲೇರಿಯಾ ಇಂಪೀರಿಯಾಲಿಸ್‌ನ ಗೆಡ್ಡೆಗಂತೂ ಮೂಗು ಮುಚ್ಚಿಕೊಳ್ಳುವಂಥ ದುರ್ವಾಸನೆ. ಮಸ್ಕರಿ, ಸಿಲ್ಲಾ, ಹಯಸಿಂತ್‌ಗಳು ಎರಡನೇ ಸಾಲಿನಲ್ಲಿ ಬರುತ್ತವೆ: ಹೆಚ್ಚಾಗಿ ಉಳಿದುಕೊಳ್ಳುತ್ತವೆ, ಹಸಿವು ಜೋರಾದ ವರ್ಷ ಸ್ವಲ್ಪ ಹೋಗಬಹುದು.

ಟ್ಯುಲಿಪ್ ಮತ್ತು ಕ್ರೋಕಸ್ ಎಲ್ಲರಿಗೂ ಇಷ್ಟ. ಕ್ರೋಕಸ್ ಬೇಕೇ ಬೇಕೆಂದರೆ ದೊಡ್ಡ ಹೂವಿನ ತಳಿಗಳ ಬದಲು ಕ್ರೋಕಸ್ ಟೊಮಾಸಿನಿಯಾನಸ್ ಹುಡುಕಿ, ಅಳಿಲು ಅದನ್ನು ಕಡಿಮೆ ಮುಟ್ಟುತ್ತದೆ ಎಂಬುದು ತೋಟಗಾರರಲ್ಲಿ ಬಹುಕಾಲದ ಮಾತು. ಟ್ಯುಲಿಪ್‌ಗೆ ಅಂಥ ಬದಲಿ ಇಲ್ಲ. ಅದನ್ನು ಆರಿಸಿದರೆ ಕಾವಲಿನ ಕೆಲಸವನ್ನೂ ಒಪ್ಪಿಕೊಂಡಂತೆ.

ಟ್ಯುಲಿಪ್ ಸುತ್ತ ಡ್ಯಾಫೋಡಿಲ್ ನೆಟ್ಟರೆ ಸಾಕು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಡ್ಯಾಫೋಡಿಲ್ ಕಾಯುವುದು ತನ್ನನ್ನು ಮಾತ್ರ. ವೋಲ್ ಸುರಂಗ ಅದರ ಪಕ್ಕದಿಂದ ತಿರುಗಿ ಟ್ಯುಲಿಪ್‌ಗೆ ಹೋಗುತ್ತದೆ, ಅಳಿಲು ಎರಡನ್ನೂ ಅಗೆದು ಒಂದನ್ನು ಬಿಟ್ಟುಹೋಗುತ್ತದೆ. ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಬೇಕಾದರೆ ಬೆರೆಸಿ ನೆಡಿ.

ಆಳ ಮತ್ತು ಸಮಯ

ಮಣ್ಣಿನ ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆ, ನೆಲ ಹೆಪ್ಪುಗಟ್ಟುವುದಕ್ಕೆ ಕೆಲವು ವಾರ ಮುಂಚೆ ನೆಡಬೇಕು. ಬೇರು ಬಿಡುವುದು ಆ ಅವಧಿಯಲ್ಲೇ. ಟ್ಯುಲಿಪ್‌ಗೆ 2ರಿಂದ 9 ಡಿಗ್ರಿಯ ಚಳಿ 12ರಿಂದ 16 ವಾರ ಸಿಗದಿದ್ದರೆ ಹೂದಂಟು ಉದ್ದವಾಗದೆ ಎಲೆಗಳ ನಡುವೆಯೇ ಮೊಗ್ಗು ಸಿಕ್ಕಿಕೊಳ್ಳುತ್ತದೆ. ಅಷ್ಟು ಚಳಿ ಇಲ್ಲದ ಕಡೆ ಗಾಳಿಯಾಡುವ ಕಾಗದದ ಚೀಲದಲ್ಲಿ ಫ್ರಿಜ್‌ನಲ್ಲಿಟ್ಟು ಆಮೇಲೆ ನೆಡುತ್ತಾರೆ. ಆಗ ಸೇಬು, ಬಾಳೆಯಂಥ ಮಾಗುವ ಹಣ್ಣು ಅದೇ ಫ್ರಿಜ್‌ನಲ್ಲಿ ಇರಕೂಡದು. ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನೇ ಕೊಲ್ಲುತ್ತದೆ, ಹೊರಗಿನಿಂದ ಗೆಡ್ಡೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ.

ಆಳವನ್ನು ಗೆಡ್ಡೆಯ ಬುಡದಿಂದ ನೆಲದ ಮಟ್ಟಕ್ಕೆ ಅಳೆಯಿರಿ, ತುದಿಯಿಂದಲ್ಲ. ಟ್ಯುಲಿಪ್‌ಗೆ 15ರಿಂದ 20 ಸೆಂ.ಮೀ., ಡ್ಯಾಫೋಡಿಲ್ ಮತ್ತು ಹಯಸಿಂತ್‌ಗೆ 15, ಕ್ರೋಕಸ್, ಮಸ್ಕರಿ, ಸ್ನೋಡ್ರಾಪ್‌ಗೆ 8ರಿಂದ 10, ಫ್ರಿಟಿಲೇರಿಯಾ ಇಂಪೀರಿಯಾಲಿಸ್‌ಗೆ 20ರಿಂದ 30. ಟ್ಯುಲಿಪ್ ಅನ್ನು 15ಕ್ಕೆ ನಿಲ್ಲಿಸದೆ 20ಕ್ಕೆ ಇಳಿಸಿದರೆ ಅಳಿಲಿನ ಕಾಟ ಕಡಿಮೆಯಾಗುತ್ತದೆ, ಏಕೆಂದರೆ ಅದು ಹೆಚ್ಚಾಗಿ ಮೇಲಿನ ಕೆಲವೇ ಸೆಂ.ಮೀ. ಮಣ್ಣನ್ನು ಕೆದಕುತ್ತದೆ. ವೋಲ್ ಮುಂದೆ ಈ ಆಳಕ್ಕೆ ಬೆಲೆಯಿಲ್ಲ. ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಆಳಕ್ಕಿಳಿಸಿದರೆ ಗೆಡ್ಡೆ ಕೊಳೆಯುತ್ತದೆ. ಅಲ್ಲಿ 15 ಸಾಕು, ಬೇಕಾದರೆ ಏರುಮಡಿ ಮಾಡಿ.

ನೆಟ್ಟ ದಿನವೇ ಮಾಡಬೇಕಾದ ಕೆಲಸಗಳನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಉದುರಿದ ಸಿಪ್ಪೆಯ ಒಂದು ಚೂರೂ ನೆಲದ ಮೇಲೆ ಉಳಿಯದಂತೆ ಆರಿಸಿ ತೆಗೆಯಿರಿ, ಅದರ ವಾಸನೆಯೇ ಅಳಿಲಿಗೆ ದಾರಿ ತೋರಿಸುತ್ತದೆ. ಮಣ್ಣನ್ನು ಅಂಗೈಯಿಂದ ಒತ್ತಿ ಗಟ್ಟಿಮಾಡಿ, ಚೆನ್ನಾಗಿ ನೀರು ಹಾಯಿಸಿ, ಸುತ್ತಲಿನ ನೆಲದಂತೆಯೇ ಕಾಣುವ ಹಾಗೆ ಮಟ್ಟಮಾಡಿ. ಮೂಳೆಪುಡಿ ಹಾಕಬೇಡಿ. ನಾಯಿ, ನರಿಯಂಥ ಮಾಂಸ ತಿನ್ನುವ ಪ್ರಾಣಿಗಳು ಅದರ ವಾಸನೆಗೆ ಬಂದು ಇಡೀ ಮಡಿಯನ್ನು ಅಗೆಯುತ್ತವೆ. ಮೊದಲ ವರ್ಷದ ಹೂವಿಗೆ ಬೇಕಾದದ್ದು ಗೆಡ್ಡೆಯಲ್ಲೇ ಇರುತ್ತದೆ.

ಮೇಲೆ ಹಾಸುವ ಜಾಲರಿಯೋ, ನೆಲದೊಳಗಿನ ಪಂಜರವೋ?

ಅಳಿಲು ಒಂದೇ ತೊಂದರೆ ಎಂದಾದರೆ ಮೇಲೆ ಹಾಸುವ ಜಾಲರಿ ಸಾಕು, ಪಂಜರದ ಶ್ರಮ ವ್ಯರ್ಥ. 25 ಮಿ.ಮೀ. ಕಣ್ಣಿನ ಕೋಳಿ ಜಾಲರಿಯನ್ನು ಮಡಿಯ ಅಂಚಿನಿಂದ ಎಲ್ಲ ಕಡೆಗೂ 20 ಸೆಂ.ಮೀ. ಹೊರಚಾಚುವಂತೆ ಕತ್ತರಿಸಿ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಮಡಿಗೆ 1.4 ಮೀ. × 90 ಸೆಂ.ಮೀ. ಬೇಕು. ಅಂಚು ಚಿಕ್ಕದಾದರೆ ಅಳಿಲು ಪಕ್ಕದಿಂದ ಅಗೆದು ಒಳಸೇರುತ್ತದೆ. ದಪ್ಪ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ, 15 ಸೆಂ.ಮೀ. ಕಾಲಿನ ಕೊಕ್ಕೆಗಳನ್ನು ಪ್ರತಿ 30 ಸೆಂ.ಮೀ.ಗೆ ಒಂದರಂತೆ ಊರಿ. ಇದು ಅರ್ಧ ಗಂಟೆಯ ಕೆಲಸ, ತಂತಿ ಮುಂದಿನ ವರ್ಷಕ್ಕೂ ಬರುತ್ತದೆ. ಆದರೆ ಮೊಳಕೆ ಎರಡು ಮೂರು ಸೆಂ.ಮೀ. ಮೇಲೆ ಬಂದ ಕೂಡಲೇ ಜಾಲರಿ ತೆಗೆಯಬೇಕು. ತಡವಾದರೆ ಅಗಲವಾದ ಎಲೆ ಕಣ್ಣಿನಲ್ಲಿ ಸಿಕ್ಕಿಕೊಂಡು, ಎತ್ತುವಾಗ ಮೊಗ್ಗಿನ ಸಮೇತ ಕಿತ್ತುಬರುತ್ತದೆ. ಅಷ್ಟರ ಹೊತ್ತಿಗೆ ಗೆಡ್ಡೆಗಳು ಬೇರೂರಿ, ಮೇಲ್ಮಣ್ಣೂ ಕುಳಿತಿರುವುದರಿಂದ ಅಳಿಲಿನ ಆಸಕ್ತಿ ಇಳಿದಿರುತ್ತದೆ.

ವೋಲ್ ಇದ್ದ ಕಡೆ ಪಂಜರವೇ ಬೇಕು. ಪಂಜರದ ತಳಕ್ಕೂ ಗೋಡೆಗೂ 6 ಮಿ.ಮೀ. ಕಣ್ಣಿನ, ಸತುವಿನ ಲೇಪವಿರುವ ಚೌಕ ಜಾಲರಿ ಕೊಳ್ಳಿ. 12 ಮಿ.ಮೀ. ಕಣ್ಣಿನದು ಸುಲಭವಾಗಿ ಸಿಗುತ್ತದೆ, ಬಲಿತ ವೋಲ್ ಅದರಲ್ಲಿ ನುಸುಳುವುದು ಕಷ್ಟ, ಆದರೆ ಮರಿ ನುಸುಳುತ್ತದೆ. ಪ್ಲಾಸ್ಟಿಕ್ ಬುಟ್ಟಿ, ಪ್ಲಾಸ್ಟಿಕ್ ಬಲೆ ಬೇಡ, ಕಡಿದು ತೂತು ಮಾಡುತ್ತವೆ.

12 ಟ್ಯುಲಿಪ್ ಹಿಡಿಯುವ ಪಂಜರಕ್ಕೆ 60 × 75 ಸೆಂ.ಮೀ. ತುಂಡು ಬೇಕು. ತಗಡು ಕತ್ತರಿಯಿಂದ ನಾಲ್ಕೂ ಮೂಲೆಯಲ್ಲಿ 15 ಸೆಂ.ಮೀ. ಚೌಕವನ್ನು ಕತ್ತರಿಸಿ ತೆಗೆಯಿರಿ. ಉಳಿದ ನಾಲ್ಕು ಪಟ್ಟಿಗಳನ್ನು ಹಲಗೆಯ ಅಂಚಿಗೆ ಒತ್ತಿ ನೇರ ಮೇಲಕ್ಕೆ ಮಡಿಸಿದರೆ 30 × 45 ತಳ, 15 ಎತ್ತರದ ಪೆಟ್ಟಿಗೆ ಸಿದ್ಧ. ಮೂಲೆಗಳನ್ನು ನಾಲ್ಕೈದು ಸೆಂ.ಮೀ.ಗೆ ಒಂದು ಹೊಲಿಗೆಯಂತೆ ತಂತಿಯಿಂದ ಕಟ್ಟಿ. ಕಟ್ಟಡದವರು ಬಳಸುವ ಕಪ್ಪು ಬೈಂಡಿಂಗ್ ವೈರ್ ಒದ್ದೆ ಮಣ್ಣಿನಲ್ಲಿ ಬೇಗ ತುಕ್ಕು ಹಿಡಿದು ಬಿಚ್ಚಿಕೊಳ್ಳುತ್ತದೆ, ಸತುವಿನ ಲೇಪವಿರುವ ಜಿಐ ತಂತಿ ಬಳಸಿ. ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿದರೂ ಇಡೀ ಪಂಜರ ಇದ್ದೂ ಇಲ್ಲದಂತೆ. ಕತ್ತರಿಸಿದ ತಂತಿಯ ತುದಿ ಸೂಜಿಯಂತಿರುತ್ತದೆ, ದಪ್ಪ ಕೈಗವಸು ಹಾಕಿಕೊಂಡೇ ಕೆಲಸ ಮಾಡಿ.

ಗುಂಡಿ 22 ಸೆಂ.ಮೀ. ಆಳ ಇರಲಿ, ಅದರ ತಳವನ್ನೂ ಸ್ವಲ್ಪ ಸಡಿಲಿಸಿ. ಪೆಟ್ಟಿಗೆ ಇಳಿಸಿ, ತಳದಲ್ಲಿ 3 ಸೆಂ.ಮೀ. ಮಣ್ಣು ಹರಡಿ, ಬುಡ ಕೆಳಗೆ, ತುದಿ ಮೇಲೆ ಬರುವಂತೆ ಮೂರು ಸಾಲಿನಲ್ಲಿ ನಾಲ್ಕು ನಾಲ್ಕು ಗೆಡ್ಡೆ ಕೂರಿಸಿ. ಗೆಡ್ಡೆಯ ಬುಡ ಆಗ 19 ಸೆಂ.ಮೀ. ಆಳದಲ್ಲಿರುತ್ತದೆ, ಬೇರು ಜಾಲರಿಯ ಕಣ್ಣಿನಿಂದ ಕೆಳಗಿಳಿಯುತ್ತದೆ. ಪೆಟ್ಟಿಗೆ ತುಂಬುವಷ್ಟು ಮಣ್ಣು ಹಾಕಿ ಮುಚ್ಚಳ ಕಟ್ಟಿ. ಮುಚ್ಚಳದ ತುಂಡು 34 × 49 ಇದ್ದರೆ ನಾಲ್ಕೂ ಅಂಚನ್ನು 2 ಸೆಂ.ಮೀ. ಮಡಿಸಿ ಗೋಡೆಯ ಮೇಲೆ ಕೂರಿಸಬಹುದು. ಮೇಲೆ ಉಳಿಯುವುದು 7 ಸೆಂ.ಮೀ. ಮಣ್ಣು.

ಮುಚ್ಚಳದ ಕಣ್ಣು ಎಷ್ಟಿರಬೇಕು ಎಂಬಲ್ಲೇ ಹೆಚ್ಚು ತಪ್ಪಾಗುವುದು. ಪೂರ್ತಿ ಪಂಜರವನ್ನು 6 ಮಿ.ಮೀ. ಜಾಲರಿಯಲ್ಲೇ ಮಾಡಿದರೆ ಟ್ಯುಲಿಪ್ ಮೊಳಕೆ ಒಳಗೇ ಸುತ್ತಿಕೊಂಡು ಸಾಯುತ್ತದೆ. ದೊಡ್ಡ ಟ್ಯುಲಿಪ್‌ಗೆ 25 ಮಿ.ಮೀ. ಕೋಳಿ ಜಾಲರಿಯ ಮುಚ್ಚಳ, ಕ್ರೋಕಸ್‌ನಂಥ ಸಪೂರ ಮೊಳಕೆಗೆ 12 ಮಿ.ಮೀ. ಮುಚ್ಚಳ. 25 ಮಿ.ಮೀ. ಕಣ್ಣಿನಲ್ಲಿ ವೋಲ್ ಮೇಲಿನಿಂದ ಇಳಿಯುವ ಸಾಧ್ಯತೆ ಉಳಿಯುತ್ತದೆ. ಅದನ್ನು ತಗ್ಗಿಸಲು ಮುಚ್ಚಳದ ಮೇಲೆ ಮೊದಲು 3 ಸೆಂ.ಮೀ. ಚೂಪು ಜಲ್ಲಿ, ಆಮೇಲೆ ಮಣ್ಣು ಹಾಕಿ. ಇಂಥ ತೋಟದಲ್ಲಿ ಮಡಿಯ ಮೇಲೆ ದಪ್ಪ ಎಲೆ ಹೊದಿಕೆ ಬೇಡ, ಸುತ್ತಲ ಹುಲ್ಲನ್ನೂ ಗಿಡ್ಡವಾಗಿ ಕತ್ತರಿಸಿಡಿ. ಮರೆ ಇಲ್ಲದ ಬಯಲನ್ನು ದಾಟಲು ವೋಲ್ ಹೆದರುತ್ತದೆ.

ಕ್ರೋಕಸ್ ಪಂಜರ ಇಷ್ಟು ಆಳ ಬೇಡ. 46 × 61 ಸೆಂ.ಮೀ. ತುಂಡಿನ ಮೂಲೆಗಳಿಂದ 8 ಸೆಂ.ಮೀ. ಚೌಕ ತೆಗೆದರೆ ಅದೇ 30 × 45 ತಳಕ್ಕೆ 8 ಎತ್ತರದ ತಟ್ಟೆಯಾಗುತ್ತದೆ. ಏಳೂವರೆ ಸೆಂ.ಮೀ. ಅಂತರದಲ್ಲಿ 24 ಗೆಡ್ಡೆ ಹಿಡಿಯುತ್ತವೆ.

ಜಲ್ಲಿ ಮತ್ತು ಕುಂಡ

ತಂತಿ ಬೇಡವೆನ್ನುವವರಿಗೆ ಜಲ್ಲಿ ಮಧ್ಯದ ದಾರಿ. ಒಡೆದ, ಅಂಚು ಚೂಪಾದ 5ರಿಂದ 10 ಮಿ.ಮೀ. ಜಲ್ಲಿಯನ್ನು ಗುಂಡಿಯ ತಳ, ಪಕ್ಕ, ಮೇಲೆ ಮೂರೂ ಕಡೆ 3ರಿಂದ 5 ಸೆಂ.ಮೀ. ದಪ್ಪ ತುಂಬಬೇಕು. ಸುರಂಗ ತೋಡುವಾಗ ಅದು ಕುಸಿಯುತ್ತದೆ, ಮೂತಿಗೆ ಚುಚ್ಚುತ್ತದೆ. ಹೊಳೆಯ ನುಣುಪು ಕಲ್ಲು ಉಪಯೋಗವಿಲ್ಲ, ಸರಿಸಿ ಮುಂದೆ ಹೋಗುತ್ತವೆ. 30 × 45 ಗುಂಡಿಯ ತಳಕ್ಕೊಂದಕ್ಕೇ 5 ಸೆಂ.ಮೀ. ದಪ್ಪಕ್ಕೆ ಸುಮಾರು 7 ಲೀಟರ್ ಬೇಕು ಎಂಬುದು ನೆನಪಿರಲಿ. ನೀರು ಚೆನ್ನಾಗಿ ಬಸಿಯುವುದು ಇದರ ಹೆಚ್ಚಿನ ಲಾಭ. ತಡೆಯ ಬಲದಲ್ಲಿ ಇದು ಪಂಜರಕ್ಕಿಂತ ಕಡಿಮೆಯೇ.

ಹತ್ತಿಪ್ಪತ್ತು ಗೆಡ್ಡೆ ಮಾತ್ರ ಇದ್ದರೆ ಕುಂಡ ವಾಸಿ. ಕನಿಷ್ಠ 30 ಸೆಂ.ಮೀ. ಅಗಲ, ಅಷ್ಟೇ ಆಳ. ನೀರು ಬಸಿಯುವ ತೂತಿಗೆ 6 ಮಿ.ಮೀ. ಜಾಲರಿ ತುಂಡು ಇಡಿ, ಇಲ್ಲದಿದ್ದರೆ ಇಲಿ ಕೆಳಗಿನಿಂದ ಹತ್ತುತ್ತದೆ. ಬಾಯಿಗೆ ಕೋಳಿ ಜಾಲರಿ ಬಿಗಿದು ಕಟ್ಟಿ. ಕುಂಡದ ದೌರ್ಬಲ್ಯ ಬೇರೆಯೇ ಇದೆ. ಕಡುಚಳಿಯಲ್ಲಿ ನೆಲಕ್ಕಿಂತ ಬೇಗ ಪೂರ್ತಿ ಹೆಪ್ಪುಗಟ್ಟಿ ಬೇರು ಸಾಯುತ್ತದೆ. ಬಿಸಿ ಮಾಡದ ಕೊಟ್ಟಿಗೆಗೋ ಗ್ಯಾರೇಜಿಗೋ ಒಯ್ಯಬೇಕು. ಅಲ್ಲಿ ಇಲಿ ಇದ್ದೇ ಇರುತ್ತದೆ, ಬಾಯಿಯ ಮೇಲಿನ ಜಾಲರಿಯನ್ನು ಆಗ 6 ಮಿ.ಮೀ.ಗೆ ಬದಲಿಸಿ, ಮೊಳಕೆ ಕಂಡಾಗ ತೆಗೆಯಿರಿ.

ವಾಸನೆ, ಖಾರ, ವಿಷ

ಮೆಣಸಿನ ಕ್ಯಾಪ್ಸೈಸಿನ್ ಇರುವ ಸಿಂಪಡಣೆ ಸಸ್ತನಿಗಳಿಗೆ ಉರಿಯುತ್ತದೆ, ಹಕ್ಕಿಗಳಿಗೆ ತಿಳಿಯುವುದೇ ಇಲ್ಲ. ಕೊಳೆತ ಮೊಟ್ಟೆಯ ಅಂಶವಿರುವವು ಜಿಂಕೆಯ ಮೇಲೆ ಒಂದಿಷ್ಟು ಕೆಲಸ ಮಾಡುತ್ತವೆ. ಎರಡಕ್ಕೂ ಮಿತಿ ಒಂದೇ: ಮಳೆಗೆ ತೊಳೆದುಹೋಗುತ್ತವೆ, ಎಲೆ ಬೆಳೆದಂತೆ ಸಿಂಪಡಿಸದ ಹೊಸ ಭಾಗ ಹೊರಬರುತ್ತದೆ. ಜೋರು ಮಳೆಯ ನಂತರವೂ, ಇಲ್ಲವಾದರೆ ಮೂರು ನಾಲ್ಕು ವಾರಕ್ಕೊಮ್ಮೆಯಾದರೂ ಮತ್ತೆ ಹೊಡೆಯಬೇಕು. ಹೂ ಬಿಡುವ ಕೆಲವು ವಾರಗಳ ಮಟ್ಟಿಗೆ ಇವು ಸರಿ. ನೆಲದೊಳಗಿನ ಗೆಡ್ಡೆಯನ್ನು ತಿಂಗಳುಗಟ್ಟಲೆ ಕಾಯಲು ಇವನ್ನು ನೆಚ್ಚಬೇಡಿ. ಒಣ ಖಾರದಪುಡಿ ಚೆಲ್ಲುವುದು ಬೇಡ, ಪ್ರಾಣಿಯ ಕಣ್ಣಿಗೆ ಹೋಗಿ ಹಿಂಸೆಯಾಗುತ್ತದೆ. ನುಸಿಗುಳಿಗೆಯನ್ನು ಮಣ್ಣಿಗೆ ಹಾಕಲೇಬಾರದು, ನ್ಯಾಫ್ತಲೀನ್ ಮಕ್ಕಳಿಗೂ ಸಾಕುಪ್ರಾಣಿಗೂ ವಿಷ. ಇಲಿಪಾಷಾಣ ತಿಂದ ಇಲಿಯನ್ನು ಗೂಬೆಯೋ ಬೆಕ್ಕೋ ಹಿಡಿದರೆ ವಿಷ ಅವಕ್ಕೂ ದಾಟುತ್ತದೆ. ತೋಟದ ಇಲಿಗಳನ್ನು ಹತೋಟಿಯಲ್ಲಿಡುವ ಜೀವಗಳೇ ಅವು.

ಮೊಲ, ಜಿಂಕೆ ಬಂದರೆ

ಇಲ್ಲಿ ಬೇಲಿ ಬಿಟ್ಟರೆ ಗತಿಯಿಲ್ಲ, ಇಲ್ಲವಾದರೆ ಡ್ಯಾಫೋಡಿಲ್ ಮತ್ತು ಅಲಿಯಮ್‌ಗೆ ಸೀಮಿತವಾಗಬೇಕು. ಮೊಲಕ್ಕೆ 25 ಮಿ.ಮೀ. ಕಣ್ಣಿನ, 90 ಸೆಂ.ಮೀ. ಎತ್ತರದ ಜಾಲರಿ. ಕೆಳಗಿನ 15 ಸೆಂ.ಮೀ.ಯನ್ನು ನೆಲದೊಳಗೆ ಹೂಳಿ ಅಥವಾ ಹೊರಮುಖವಾಗಿ ಮಡಿಸಿ ನೆಲಕ್ಕೆ ಕೊಕ್ಕೆ ಹೊಡೆಯಿರಿ. ಹಿಮ ಬೀಳುವ ಕಡೆ ಹಿಮದ ದಪ್ಪವನ್ನೂ ಎತ್ತರಕ್ಕೆ ಸೇರಿಸಿ, ಮೊಲ ಅದರ ಮೇಲೆ ನಿಂತು ದಾಟುತ್ತದೆ. ಜಿಂಕೆಗೆ ಸುಮಾರು 2.4 ಮೀ. ಬೇಕು. ಒಂದೆರಡು ಸಣ್ಣ ಮಡಿಗಳಿಗಾಗಿ ಅಷ್ಟು ಎತ್ತರದ ಬೇಲಿ ದುಬಾರಿ. ಮೊಗ್ಗು ಬರುವಾಗ ಮಡಿಯ ಮೇಲೆ ಕಮಾನು ಕಟ್ಟಿ ಬಲೆ ಹೊದಿಸಿ, ಹೂ ಅರಳಿದಾಗ ನೋಡುವುದಕ್ಕಷ್ಟೇ ಸರಿಸುವುದು ಹೆಚ್ಚು ಅನುಕೂಲ. ಬಲೆ ಬಿಗಿಯಾಗಿರಲಿ, ಜೋಲುವ ಬಲೆಗೆ ಹಕ್ಕಿ, ಹಾವು ಸಿಕ್ಕಿಬೀಳುತ್ತವೆ.

ಹೂ ಮುಗಿದ ಮೇಲೆ

ಬಾಡಿದ ಹೂವನ್ನು ಚಿವುಟಿ, ಎಲೆಯನ್ನು ಹಳದಿಯಾಗುವ ತನಕ, ಅಂದರೆ ಸುಮಾರು ಆರು ವಾರ ಬಿಡಿ. ಮುಂದಿನ ವರ್ಷದ ಗೆಡ್ಡೆ ತುಂಬಿಕೊಳ್ಳುವುದು ಈ ಎಲೆಯಿಂದ. ಅದನ್ನು ಮೊಲ ಮೇಯ್ದರೆ ಗೆಡ್ಡೆ ಉಳಿದರೂ ಮರುವರ್ಷ ಎಲೆ ಮಾತ್ರ ಬರುತ್ತದೆ. ಹಾಗಾಗಿ ಮೊಲದ ಬೇಲಿಯನ್ನು ಹೂ ಬಿದ್ದ ಕೂಡಲೇ ತೆಗೆಯಬೇಡಿ.

ಕಿತ್ತು ಇಡುವುದಾದರೆ ಮಣ್ಣು ಉದುರಿಸಿ, ಮೆತ್ತಗಾದವನ್ನು ಬೇರ್ಪಡಿಸಿ, ಗಾಳಿಯಾಡುವ ಬಲೆಚೀಲದಲ್ಲಿ ಇಲಿಗೆ ಎಟುಕದಂತೆ ತೂಗುಹಾಕಿ. ಗೆಡ್ಡೆ ಮುಟ್ಟುವಾಗ ಕೈಗವಸು ಇರಲಿ: ಡ್ಯಾಫೋಡಿಲ್ ರಸ, ಹಯಸಿಂತ್ ಸಿಪ್ಪೆ, ಟ್ಯುಲಿಪ್ ಗೆಡ್ಡೆ ಮೂರೂ ಚರ್ಮಕ್ಕೆ ತುರಿಕೆ ತರುತ್ತವೆ. ಡ್ಯಾಫೋಡಿಲ್ ಗೆಡ್ಡೆ ನೋಡಲು ಈರುಳ್ಳಿಯಂತೆಯೇ ಇರುತ್ತದೆ, ತಿಂದರೆ ವಾಂತಿ ಭೇದಿ ಶುರುವಾಗುತ್ತದೆ. ಚೀಲಕ್ಕೆ ಹೆಸರಿನ ಚೀಟಿ ಕಟ್ಟಿ, ಅಡುಗೆ ಸಾಮಾನು ಇಡುವ ಜಾಗದಿಂದ ದೂರ, ಮಕ್ಕಳಿಗೂ ನಾಯಿಗೂ ಸಿಗದಂತೆ ಇಡಿ.